ನಡುವೆ ಇದ್ದವಳ ಹಾಡು

ಮೂವತ್ತೊಂದು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಸಂಬಳ ತೆಗೆದುಕೊಂಡ ಹೆಂಗಸು, ನಿವೃತ್ತಿಯಾದ ಮೇಲೆ ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತೂ ಕೂರಲಾರಳು ಎಂದರೆ ಯಾರಾದರೂ ನಕ್ಕಾರು. ಹಲೋ ಅಕ್ಕನ ವಿಷಯದಲ್ಲಿ ಅದು ಅಪ್ಪಟ ನಿಜ. ಅವಳ ಚಹಾ ಒಂದು ಗುಟುಕು ಕಿಟಕಿಯ ಹತ್ತಿರ, ಒಂದು ಗುಟುಕು ಒಲೆಯ ಮುಂದೆ, ಇನ್ನೊಂದು ಮೆಟ್ಟಿಲ ಮೇಲೆ ಖರ್ಚಾಗಿ, ಉಳಿದರ್ಧ ಬಟ್ಟೆಯ ಬೀರುವಿನಲ್ಲೋ ಬಚ್ಚಲ ಕಟ್ಟೆಯ ಮೇಲೋ ತಣ್ಣಗೆ ಸಿಗುತ್ತದೆ. ಒರೆಸಿದ ಮೇಜನ್ನೇ ಒರೆಸುತ್ತಾಳೆ, ಮಡಚಿಟ್ಟ ಬಟ್ಟೆಯನ್ನೇ ಕೊಡವಿ ಮತ್ತೆ ಮಡಚುತ್ತಾಳೆ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯಾ, ಒಂದ್ಕಡೆ ಕೂತ್ಕೊಳೆ" ಎಂದು ತಂಗಿ ಬೈಯುವುದು ಆ ಮನೆಯಲ್ಲಿ ಗಡಿಯಾರದ ಸದ್ದಿನಷ್ಟೇ ಮಾಮೂಲು.

ಬೀದಿಯವರು ಅವಳಿಗೆ ಹಲೋ ಅಕ್ಕ ಎಂದು ಹೆಸರಿಟ್ಟದ್ದಕ್ಕೂ ಕಾರಣವಿದೆ. ಬಾಗಿಲು ಬಡಿದರೆ ಎಲ್ಲರೂ ಒಳಗಿನಿಂದ "ಯಾರು?" ಎನ್ನುತ್ತಾರೆ, ಇವಳು "ಹಲೋ" ಎನ್ನುತ್ತಾಳೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಬೋರ್ಡಿನ ಮುಂದೆ ಕೂತು ಊರೂರಿಗೆ ಮಾತು ಜೋಡಿಸಿದ ನಾಲಿಗೆ ಅದು, ಇಷ್ಟು ವರ್ಷಗಳ ಮೇಲೆ ಬೇರೆ ಪದ ಕಲಿಯಲು ತಯಾರಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೆದಕಿದವರಿಗೆ "ಲೈನ್ ಎಂಗೇಜ್ ಇತ್ತು" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಮನೆಯಲ್ಲಿ ಇವತ್ತಿಗೂ ಹಳೆಯ ಕಪ್ಪು ಫೋನೊಂದಿದೆ. ಅದಕ್ಕೆ ಕರೆ ಮಾಡುವವರು ಯಾರೂ ಇಲ್ಲ, ಆದರೂ ದಿನಾ ಅದರ ಧೂಳು ಒರೆಸುತ್ತಾಳೆ.

ಈ ಚಡಪಡಿಕೆ ನಿವೃತ್ತಿಯಿಂದ ಬಂದದ್ದು ಎಂದು ಎಲ್ಲರೂ ತಿಳಿದಿದ್ದರು. ಅದು ಅದಕ್ಕಿಂತ ತುಂಬ ಹಳೆಯದು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಬುಧವಾರ ಮಧ್ಯಾಹ್ನ ತಂಗಿ ಮತ್ತು ತಂಗಿಯ ಮಗಳು ಊಟಕ್ಕೆ ಬರುವುದು ವಾಡಿಕೆ. ತಂಗಿ ಮೂರು ಬೀದಿಯಾಚೆ ಗಂಡನ ಜೊತೆ ಫೋಟೋ ಸ್ಟುಡಿಯೋ ನಡೆಸುತ್ತಾಳೆ. ಮಗಳು ಆ ಸ್ಟುಡಿಯೋದ ಮಹಡಿಯ ಮೇಲೆ ಹೆಂಗಸರಿಗೆ ಡ್ಯಾನ್ಸ್ ಕ್ಲಾಸ್ ನಡೆಸುತ್ತಾಳೆ. ಸೊಂಟ ಹಿಡಿದವರು, ಮಂಡಿ ನೋವಿನವರು, ಮನೆಯಲ್ಲಿ ಬೇಜಾರಾದವರು ಎಲ್ಲ ಬಂದು ಅಲ್ಲಿ ಕುಣಿಯುತ್ತಾರೆ. ಇಷ್ಟು ಸಾಲದು ಎಂದು ಆ ಹುಡುಗಿಗೆ ಇನ್ನೊಂದು ಹುಚ್ಚು. ಗುಜರಿ ಅಂಗಡಿಗಳಲ್ಲಿ ಹಳೆಯ ಡ್ಯಾನ್ಸ್ ಕ್ಯಾಸೆಟ್ಟುಗಳನ್ನು ಹುಡುಕಿ ತಂದು, ಯಾರೂ ಕೇಳದ ಹಾಡುಗಳನ್ನು ಹೆಕ್ಕಿ, ಅವುಗಳ ಅರ್ಥವೇನು, ಬರೆದವರು ಯಾರು, ಯಾಕೆ ಬರೆದರು ಎಂದು ಇಂಟರ್ನೆಟ್ಟಿನಲ್ಲಿ ಉದ್ದುದ್ದ ಬರೆಯುತ್ತಾಳೆ. ಓದುವವರು ಸಾವಿರಾರು ಜನ. ಹಾಡು ಕೇಳಿದ್ದು ಅವರಲ್ಲಿ ನೂರು ಜನವೂ ಇರಲಿಕ್ಕಿಲ್ಲ.

ಆ ಬುಧವಾರ ತಟ್ಟೆ ಎತ್ತುವ ಮೊದಲೇ ಅವಳು ಮೊಬೈಲ್ ಮೇಜಿನ ಮೇಲಿಟ್ಟಳು. "ದೊಡ್ಡಮ್ಮ, ಇದನ್ನ ಕೇಳಿ. ಚಿನ್ನ ಸಿಕ್ಕಿದೆ ನಂಗೆ."

ಡಬ್ ಡಬ್ ಡಬ್ ಎಂದು ಕೀಬೋರ್ಡಿನ ತಾಳ ಶುರುವಾಯಿತು. ಅದರ ಮೇಲೆ ಚಪ್ಪಾಳೆ, ಅದರ ಮೇಲೊಂದು ಕುಂಯ್‌ಗುಡುವ ತುತ್ತೂರಿ. ಆಮೇಲೆ ಹುಡುಗಿಯೊಬ್ಬಳ ಸಣ್ಣ ಚೂಪು ದನಿ.

*ಇದ್ದೀರಾ, ಇದ್ದೀರಾ, ಸುಮ್ಮನ್ಯಾಕೆ ಇದ್ದೀರಾ*
*ಕೆಂಪು ದೀಪ ಆರೋ ಮುಂಚೆ ಒಂದು ಮಾತು ಹೇಳ್ತೀರಾ*

ಹಲೋ ಅಕ್ಕನ ಕೈಯಲ್ಲಿದ್ದ ನೀರಿನ ಜಗ್ಗು ಮೇಜಿಗೆ ತಗುಲಿ ಸದ್ದಾಯಿತು. ಮೂವತ್ತಾರು ವರ್ಷಗಳ ಹಿಂದೆ ಒಂದೇ ಒಂದು ಸಲ ಹಾಡಿದ ಹಾಡು, ಇನ್ನೂರು ಕ್ಯಾಸೆಟ್ಟೂ ಖರ್ಚಾಗದೆ ಸತ್ತುಹೋಯಿತು ಎಂದು ನಂಬಿದ್ದ ಹಾಡು, ತನ್ನದೇ ಊಟದ ಮೇಜಿನ ಮೇಲೆ ಎದ್ದು ಕೂತು ಕುಣಿಯುತ್ತಿತ್ತು.

"ಎಷ್ಟು ಚೆನ್ನಾಗಿದೆ ಅಲ್ವಾ?" ಹುಡುಗಿಗೆ ಉತ್ತರ ಬೇಕಾಗಿರಲಿಲ್ಲ. "ಕವರಿನ ಮೇಲೆ ಏನಿದೆ ಗೊತ್ತಾ? 'ಹಾಡಿದವರು: ಹೆಸರು ಬೇಡ ಅಂದವರು.' ಅಷ್ಟೇ! ಯಾರಿರಬಹುದು? ದೊಡ್ಡ ಮನೆಯವಳು ಅನ್ಸುತ್ತೆ. ಕದ್ದು ಹಾಡಿದಾಳೆ. ಅರ್ಥ ನಾನು ಆಗ್ಲೇ ಹಿಡಿದ್ಬಿಟ್ಟೆ. ಕೆಂಪು ದೀಪ ಅಂದ್ರೆ ಡ್ಯಾನ್ಸ್ ಕ್ಲಬ್ಬು. ಅಲ್ಲಿ ಅವನು ಸುಮ್ನೆ ಕೂತಿದಾನೆ, ಇವಳು ಮಾತಾಡು ಅಂತಿದಾಳೆ. ಮುಂದಿನ ಸಾಲು ಕೇಳಿ."

*ಎರಡು ಕಿವಿ, ಒಂದು ದಾರ*
*ಎಳೆದೆ ನಾನು, ಎಷ್ಟು ಭಾರ*

"ಇಬ್ಬರೂ ಒಂದೇ ವಾಕ್‌ಮನ್‌ನಲ್ಲಿ ಹಾಡು ಕೇಳ್ತಿದಾರೆ! ಅವನ ಕಿವಿಗೊಂದು, ಇವಳ ಕಿವಿಗೊಂದು. ಕೊನೇ ಸಾಲಂತೂ ಬೆಂಕಿ."

*ಬಿಟ್ಟೋರು ಅವರಲ್ಲ, ಬಿಟ್ಟೋಳು ಅವಳಲ್ಲ*
*ನಡುವೆ ಇದ್ದೋಳ ಕೇಳೋರಿಲ್ಲ*

"ತ್ರಿಕೋನ ಪ್ರೇಮ," ಎಂದು ಹುಡುಗಿ ತೀರ್ಪು ಕೊಟ್ಟಳು. "ಗಂಡ, ಹೆಂಡ್ತಿ, ನಡುವೆ ಇವಳು. ಆ ಕಾಲದಲ್ಲಿ ಇಷ್ಟು ಧೈರ್ಯ!"

ಹಲೋ ಅಕ್ಕನಿಗೆ ನಗು ಬಂತು. ಡ್ಯಾನ್ಸ್ ಕ್ಲಬ್ಬಿನ ಬಾಗಿಲು ಯಾವ ಕಡೆಗಿರುತ್ತದೆ ಎಂದೂ ಅರಿಯದ ತನಗೆ ಈ ಹುಡುಗಿ ಒಂದೇ ಮಧ್ಯಾಹ್ನದಲ್ಲಿ ದೊಡ್ಡ ಮನೆ, ಪ್ರಿಯಕರ, ಸವತಿ ಎಲ್ಲ ದಯಪಾಲಿಸಿದ್ದಳಲ್ಲ! ಆ ನಗು ಅರ್ಧಕ್ಕೇ ನಿಂತಿತು, ಯಾಕೆಂದರೆ ಅಷ್ಟು ಹೊತ್ತು ಸುಮ್ಮನಿದ್ದ ತಂಗಿ ತಲೆಯೆತ್ತಿದಳು.

"ಕುಣಿಯೋ ಹಾಡೇನೋ ಸರಿ," ಎಂದಳು ತಂಗಿ. "ಆದ್ರೆ ಈ ಹುಡುಗಿ ಕುಣೀತಾ ಇಲ್ಲ ಕಣೇ. ಅಳ್ತಾ ಇದಾಳೆ. ಎಲ್ಲೋ ಕೇಳಿದ ದನಿ."

"ಈ ತಾಳಕ್ಕೆ ಯಾರಮ್ಮ ಅಳ್ತಾರೆ? ಇರಲಿ, ಶನಿವಾರ ಎಲ್ಲ ಗೊತ್ತಾಗುತ್ತೆ. ಇದಕ್ಕೆ ಕೀಬೋರ್ಡ್ ನುಡಿಸಿದವರು ಇನ್ನೂ ಬದುಕಿದಾರೆ, ಇಲ್ಲೇ, ಹಳೇ ಎಕ್ಸ್‌ಚೇಂಜಿನ ಕೆಳಗಿನ ಅಂಗಡಿಯಲ್ಲಿ. ಅವರ ಹತ್ರ ಕೂತು ಎಲ್ಲ ಕೇಳಿಸ್ಕೊಂಡು ಬರ್ತೀನಿ. ದೊಡ್ಡಮ್ಮ, ನೀವು ಅಲ್ಲೇ ಮೇಲೆ ಕೆಲ್ಸ ಮಾಡ್ತಿದ್ರಲ್ಲ, ಅವರ ಪರಿಚಯ ಇದೆಯಾ?"

"ಅಂಗಡಿ ನೆನಪಿದೆ," ಎಂದು ಹೇಳಿ ಹಲೋ ಅಕ್ಕ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ತಂಗಿ ಇನ್ನೂ ಊಟ ಮುಗಿಸಿರಲಿಲ್ಲ.

ಆ ಕಥೆ ಇಷ್ಟು.

ತಾಯಿ ಬೇಗ ತೀರಿಕೊಂಡ ಮನೆ. ಅಪ್ಪನಿಗೆ ಪುಸ್ತಕಕ್ಕೆ ಬೈಂಡ್ ಹಾಕುವ ಕೆಲಸ, ಕೈಗೆ ಸದಾ ಗೋಂದಿನ ವಾಸನೆ. ದೊಡ್ಡವಳು ಎಕ್ಸ್‌ಚೇಂಜಿನಲ್ಲಿ ದುಡಿಯುತ್ತಿದ್ದಳು. ಅವಳಿಗಿಂತ ಆರು ವರ್ಷ ಚಿಕ್ಕ ತಂಗಿಗೆ ಮೂಗಿನ ತುದಿಯಲ್ಲೇ ಕೋಪ. ಅಪ್ಪ ಅವಳನ್ನು ಮೆಣಸಿನಕಾಯಿ ಎಂದು ಕರೆಯುತ್ತಿದ್ದರು. ಸಿಟ್ಟು ಬಂದಾಗಲೂ ಅದೇ, ಮುದ್ದು ಬಂದಾಗಲೂ ಅದೇ. ಇಪ್ಪತ್ತೊಂದರಲ್ಲಿ ಮೆಣಸಿನಕಾಯಿ ಫೋಟೋದವನೊಬ್ಬನನ್ನು ಮೆಚ್ಚಿದಳು. ಅಪ್ಪ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು, ಒಂದು ಬೆಳಿಗ್ಗೆ ಹೇಳದೆ ಕೇಳದೆ ಅವನಿದ್ದ ದೂರದ ಊರಿಗೆ ಹೊರಟುಹೋದಳು. ವಿಳಾಸ ಕೊಡಲಿಲ್ಲ. ಅಪ್ಪ ಎರಡು ತಿಂಗಳು ಆ ಹೆಸರು ಎತ್ತಲಿಲ್ಲ.

ಎಕ್ಸ್‌ಚೇಂಜಿನ ಬೋರ್ಡು ಎಂದರೆ ಗೋಡೆಯಷ್ಟು ಎತ್ತರದ ಹಲಗೆ. ಅದರ ತುಂಬ ಸಾಲು ಸಾಲು ತೂತು, ಪ್ರತಿ ತೂತಿಗೂ ಒಂದು ಪುಟ್ಟ ಕೆಂಪು ದೀಪ. ಕೈಯಲ್ಲಿ ಜೋಡಿ ವಯರು, ಹುಡುಗಿಯರ ಮಾತಿನಲ್ಲಿ ಅದು ದಾರ. ಒಂದು ತುದಿ ಕರೆ ಮಾಡಿದವರಿಗೆ, ಇನ್ನೊಂದು ತುದಿ ಕರೆ ಬಂದವರಿಗೆ. ಆದರೆ ಹೊರ ಊರುಗಳಿಗೆ ಇದ್ದದ್ದು ಬೆರಳೆಣಿಕೆಯ ಲೈನುಗಳು. ಜನ ಮಾತು ಮುಗಿಸಿ ರಿಸೀವರನ್ನು ಓರೆಯಾಗಿಟ್ಟು ಹೋಗಿಬಿಟ್ಟರೆ ಒಂದು ಲೈನು ಸುಮ್ಮನೆ ಸತ್ತು ಬಿದ್ದಿರುತ್ತಿತ್ತು. ಅದಕ್ಕೇ ಕೀ ಒತ್ತಿ ಆಗಾಗ ಕಿವಿಗೊಡಬೇಕು. ಸದ್ದಿಲ್ಲದಿದ್ದರೆ "ಇದ್ದೀರಾ?" ಎಂದು ಕೇಳಬೇಕು. ಒಂದಲ್ಲ, ಮೂರು ಸಲ. ಮೂರಕ್ಕೂ ಉತ್ತರವಿಲ್ಲದಿದ್ದರೆ ಮಾತ್ರ ದಾರ ಎಳೆಯಬಹುದು. ಇನ್ನೊಂದು ಕಟ್ಟುನಿಟ್ಟು: ಸ್ವಂತದವರ ಕರೆ ಬಂದರೆ ತಕ್ಷಣ ಪಕ್ಕದ ಸೀಟಿಗೆ ದಾಟಿಸಬೇಕು. ಕದ್ದು ಕೇಳಿಸಿಕೊಂಡರೆ ಕೆಲಸಕ್ಕೇ ಕುತ್ತು.

ಒಂದು ಮಧ್ಯಾಹ್ನ ಪಕ್ಕದ ಸೀಟಿನವಳು ಚಹಾಕ್ಕೆ ಎದ್ದಳು. "ಈ ಲೈನ್ ಸ್ವಲ್ಪ ನೋಡ್ಕೊಳೆ," ಎಂದು ಹೋದಳು. ಇವಳು ಕೀ ಒತ್ತಿದಳು.

"ಅಪ್ಪಾ, ಒಂದ್ಮಾತು ಆಡಿ ಅಪ್ಪಾ. ಬೈಯಾದ್ರೂ ಬೈಯಿರಿ."

ತಂಗಿಯ ದನಿ! ಯಾವುದೋ ಊರಿನ ಸಾರ್ವಜನಿಕ ಫೋನಿನಿಂದ ಮನೆಯ ಪಕ್ಕದ ಔಷಧಿ ಅಂಗಡಿಗೆ ಕರೆ ಮಾಡಿ, ಅಪ್ಪನನ್ನು ಕರೆಸಿಕೊಂಡಿದ್ದಳು. ಅಪ್ಪನ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು. ಲೈನನ್ನು ದಾಟಿಸಲು ಪಕ್ಕದ ಸೀಟು ಖಾಲಿ. ದಾಟಿಸುವ ಮನಸ್ಸಾದರೂ ಇತ್ತೇ? ಇರಲಿಲ್ಲ. ಕಿವಿಯನ್ನು ಅಲ್ಲೇ ಅಂಟಿಸಿಕೊಂಡು ಕೂತಳು. ತಂಗಿ ಬೇಡಿದಳು, ಅತ್ತಳು, ಕೊನೆಗೆ ಅವಳೂ ಸುಮ್ಮನಾದಳು. ಎರಡೂ ಕಡೆ ಸದ್ದಿಲ್ಲ.

ಆಗ ಹಿಂದೆ ಚಪ್ಪಲಿಯ ಸದ್ದಾಯಿತು. ಮೇಲ್ವಿಚಾರಕಿ ಬಂದು ಹೆಗಲ ಹಿಂದೆ ನಿಂತಳು. "ಆ ಲೈನ್ ಯಾಕೆ ಸುಮ್ನಿದೆ? ಕೇಳಿದ್ರಾ?"

"ಇದ್ದೀರಾ?" ಎಂದು ಕೇಳಬೇಕಿತ್ತು. ಬಾಯಿ ತೆರೆದರೆ ಅಪ್ಪನಿಗೂ ತಂಗಿಗೂ ದನಿಯ ಗುರುತು ಸಿಗುತ್ತದೆ. ಅವರು ಹೆಸರು ಹಿಡಿದು ಕರೆದರೆ, ಅದು ಹೊರಗೂ ಕೇಳಿಸಿ ಹಿಂದೆ ನಿಂತ ಮೇಲ್ವಿಚಾರಕಿಗೆ ಕಳ್ಳತನ ಗೊತ್ತಾಗುತ್ತದೆ. "ಕೇಳಿದೆ ಮೇಡಂ, ಉತ್ತರ ಇಲ್ಲ," ಎಂದು ಸುಳ್ಳು ಹೇಳಿ ದಾರಕ್ಕೆ ಕೈ ಹಾಕಿದಳು. ದಾರ ಕಳಚುವ ಗಳಿಗೆಯಲ್ಲೇ ಅಪ್ಪ ಮಾತಾಡಿದರು. ಒಂದೇ ಒಂದು ಮಾತು. ಅದು ನಡುವೆ ಇದ್ದವಳ ಕಿವಿಗೆ ಮಾತ್ರ ಬಿತ್ತು. ತಂಗಿಯ ತುದಿ ಆಗಲೇ ಕಳಚಿಹೋಗಿತ್ತು. ಕೆಂಪು ದೀಪ ಆರಿತು.

ಸಂಜೆ ಮನೆಗೆ ಬಂದಾಗ ಅಪ್ಪ ಗೋಂದಿನ ಬಟ್ಟಲನ್ನು ಮುಂದಿಟ್ಟುಕೊಂಡು ಕೂತಿದ್ದರು. "ಅವಳು ಫೋನ್ ಮಾಡಿದ್ಲು," ಎಂದರು. "ನಾನು ಬಾಯಿ ಬಿಡೋಷ್ಟರಲ್ಲಿ ಇಟ್ಬಿಟ್ಲು." ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬಂತು. ನಾಳೆ ಹೇಳೋಣ ಎಂದುಕೊಂಡಳು. ಇಪ್ಪತ್ತು ದಿನ ನಾಳೆ ನಾಳೆ ಎಂದುಕೊಂಡಳು. ಇಪ್ಪತ್ತೊಂದನೆಯ ದಿನ ಅಪ್ಪ ಅರ್ಧ ಹೊಲಿದ ಪುಸ್ತಕದ ಮೇಲೆ ತಲೆಯಿಟ್ಟು ಹೋಗಿಬಿಟ್ಟರು.

ಸುದ್ದಿ ಯಾರಿಂದಲೋ ತಿಳಿದು ತಂಗಿ ಬಂದಳು, ಎಲ್ಲ ಮುಗಿದ ಮೇಲೆ. ಬಾಗಿಲಲ್ಲಿ ನಿಂತು ಹೇಳಿದ ಮೊದಲ ಮಾತೇ ಅದು: "ನನ್ನ ಮುಖಕ್ಕೆ ಫೋನ್ ಇಟ್ಟು ಹೋದ್ರು." ಆಮೇಲೆ ಫೋಟೋದವನ ಜೊತೆ ಇದೇ ಊರಲ್ಲಿ ನೆಲೆಸಿದಳು. ಆದರೆ ಅಂದಿನಿಂದ ಮೆಣಸಿನಕಾಯಿ ಎಂಬ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಬಾರದು. ಮುಂದೊಂದು ದಿನ ಅವಳ ಗಂಡ ತಮಾಷೆಗೆ ಹಾಗೆ ಕರೆದದ್ದಕ್ಕೆ ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದಳು. ಅಪ್ಪನ ಒಂದು ಫೋಟೋ ಕೂಡ ಅವಳ ಸ್ಟುಡಿಯೋದ ಗೋಡೆಯಲ್ಲಿಲ್ಲ. ಊರಿನವರ ಅಪ್ಪಂದಿರೆಲ್ಲ ಅಲ್ಲಿ ಸಾಲಾಗಿ ತೂಗಿದ್ದಾರೆ.

ಹಾಡು ಹುಟ್ಟಿದ್ದು ಅಪ್ಪ ಹೋದ ಮೂರನೆಯ ತಿಂಗಳು. ಕೆಳಗಿನ ಅಂಗಡಿಯ ಕೀಬೋರ್ಡಿನವನು ರೇಡಿಯೋ ರಿಪೇರಿ ಮಾಡುತ್ತ ಡ್ಯಾನ್ಸ್ ಕ್ಯಾಸೆಟ್ ತರುವ ಕನಸು ಕಾಣುತ್ತಿದ್ದ. ಅವನ ಹತ್ತಿರ ತಾಳವಿತ್ತು, ರಾಗವಿತ್ತು, ಮಾತಿರಲಿಲ್ಲ, ಹಾಡುವವರಿರಲಿಲ್ಲ. "ನಿಮ್ಮ ದನಿ ಫೋನಿನಲ್ಲಿ ಕೇಳಿದೀನಿ. ಬಾಯಿಗೆ ಬಂದದ್ದು ಹಾಡಿ ಮೇಡಂ, ಜನ ಕುಣಿಯೋವಾಗ ಮಾತು ಯಾರು ಕೇಳ್ತಾರೆ?" ಎಂದಿದ್ದ. ಯಾರೂ ಕೇಳುವುದಿಲ್ಲ ಎಂದದ್ದಕ್ಕೇ ಅವಳು ಹೋದದ್ದು. ಅವತ್ತು ಕೇಳದೆ ಬಿಟ್ಟ ಪ್ರಶ್ನೆಯನ್ನು ಮೂರು ಸಲ ಅಲ್ಲ, ಮೂವತ್ತು ಸಲ ಕೇಳಿ ಬಂದಳು.

ಗುರುವಾರ ಹಲೋ ಅಕ್ಕ ಮನೆಯ ಪರದೆಗಳನ್ನೆಲ್ಲ ತೆಗೆದು ಒಗೆದಳು. ಒಣಗುವ ಮೊದಲೇ ಕಿಟಕಿಗೆ ತೂಗಿಹಾಕಿದಳು, ಮತ್ತೆ ತೆಗೆದು ಒಣಗಿಸಿದಳು. ತಂಗಿಗೆ ಬೇರೆಯವರ ಬಾಯಿಂದ ತಿಳಿದರೆ? ಅದೂ ಮಗಳ ಬಾಯಿಂದ, ಸಾವಿರ ಜನರ ಮುಂದೆ? ತಂಗಿಯ ಮನೆಯ ಕಡೆ ಎರಡು ಸಲ ಹೊರಟು ಎರಡು ಸಲವೂ ಮೂಲೆಯ ಅಂಗಡಿಯಿಂದ ಬಿಸ್ಕತ್ತು ಕೊಂಡು ಹಿಂದಿರುಗಿದಳು. ಈ ತಂಗಿಯೊಬ್ಬಳೇ ಅವಳ ಪಾಲಿಗೆ ಉಳಿದಿದ್ದವಳು. ಅವಳೂ ಬಾಗಿಲು ಹಾಕಿಕೊಂಡರೆ ಬುಧವಾರ ಯಾರಿಗೆ ಅಡುಗೆ ಮಾಡುವುದು?

ಶುಕ್ರವಾರ ಬೆಳಿಗ್ಗೆ ಅವಳ ಕಾಲು ತಾನಾಗಿ ಕೀಬೋರ್ಡಿನವನ ಅಂಗಡಿಗೆ ನಡೆಯಿತು. ಬಾಯಿ ಮುಚ್ಚಿಕೊಂಡಿರು ಎಂದು ಕೇಳಿಕೊಳ್ಳುವುದು ಅವಳ ಉಪಾಯ. ಎಕ್ಸ್‌ಚೇಂಜಿನ ಕಟ್ಟಡದಲ್ಲಿ ಈಗ ಹಾಸಿಗೆ ಮಾರುತ್ತಿದ್ದರು. ಕೆಳಗಿನ ಅಂಗಡಿ ಮಾತ್ರ ಹಾಗೇ ಇತ್ತು, ಇನ್ನಷ್ಟು ಕತ್ತಲೆಯಾಗಿತ್ತು. ಮುದುಕ ಕಿವಿಗೆ ಯಂತ್ರ ಹಾಕಿಕೊಂಡು ಒಂದು ಮಿಕ್ಸರಿನ ಹೊಟ್ಟೆ ಬಗೆಯುತ್ತಿದ್ದ.

"ಹಲೋ," ಎಂದಳು.

ಅವನು ತಲೆಯೆತ್ತಲಿಲ್ಲ. "ಬನ್ನಿ ಮೇಡಂ. ಕಿವಿ ಹೋಗಿದೆ, ಆದ್ರೂ ಆ ಹಲೋ ಗೊತ್ತಾಗುತ್ತೆ."

"ನಾಳೆ ಒಂದು ಹುಡುಗಿ ಬರ್ತಾಳೆ..."

"ಫೋನ್ ಮಾಡಿದ್ಲು. ಹೆಸರು ಹೇಳಲ್ಲ, ಹೆದರ್ಬೇಡಿ. ಕವರಿನ ಮೇಲೆ ಬರ್ದಿದೀನಲ್ಲ, ಹೆಸರು ಬೇಡ ಅಂದವರು ಅಂತ. ಕೊಟ್ಟ ಮಾತು." ಸ್ಕ್ರೂ ಡ್ರೈವರ್ ಕೆಳಗಿಟ್ಟ. "ನಾನೂ ನಿಮಗೊಂದು ಮೋಸ ಮಾಡಿದೀನಿ. ಆ ಟೇಪನ್ನ ವೇಗ ಮಾಡ್ಬಿಟ್ಟೆ. ನೀವು ಹಾಡಿದ್ದು ಅಷ್ಟು ಬೇಗ ಅಲ್ಲ, ದನಿ ಅಷ್ಟು ಸಣ್ಣದೂ ಅಲ್ಲ. ಅಳೋ ಹಾಡು ಯಾರು ಕೊಳ್ತಾರೆ ಅಂತ ಕುಣಿಯೋ ಹಾಗೆ ಮಾಡಿದೆ. ಅದಾದ್ರೂ ಯಾರೂ ಕೊಳ್ಳಲಿಲ್ಲ ಬಿಡಿ."

ಅವನು ಒಳಗಿನಿಂದ ಮೂಲ ಟೇಪನ್ನು ಹುಡುಕಿ ತಂದು ಹಾಕಿದ. ತಾಳವಿಲ್ಲ, ತುತ್ತೂರಿಯಿಲ್ಲ. ಇಪ್ಪತ್ತೇಳು ವರ್ಷದ ಹೆಂಗಸೊಬ್ಬಳು ನಿಧಾನವಾಗಿ, ಮೂಗು ಕಟ್ಟಿಕೊಂಡು ಕೇಳುತ್ತಿದ್ದಳು, ಇದ್ದೀರಾ, ಇದ್ದೀರಾ. ಹಾಡು ಮುಗಿದ ಮೇಲೂ ಟೇಪು ಓಡುತ್ತಿತ್ತು. ಸದ್ದಿಲ್ಲದ ಟೇಪು. ಹಲೋ ಅಕ್ಕ ನಿಲ್ಲಿಸಲು ಕೈ ಚಾಚಿದಳು.

"ತಡೀರಿ, ಇನ್ನೂ ಇದೆ," ಎಂದ ಮುದುಕ.

ಬಹಳ ಹೊತ್ತಿನ ಮೇಲೆ ಟೇಪಿನೊಳಗಿನ ಹೆಂಗಸು ಹೇಳಿದಳು: "ಆಯ್ತು, ಮನೆಗೆ ಹೋಗ್ತೀನಿ. ಇವತ್ತು ತಂಗಿಗೆ ಹೇಳ್ಬಿಡ್ತೀನಿ."

"ಹೇಳಿದ್ರಾ?" ಎಂದು ಕೇಳಿದ ಕೀಬೋರ್ಡಿನವನು.

ಅವಳು ಚೀಲ ಎತ್ತಿಕೊಂಡು ಹೊರಗೆ ಬಂದಳು. ಈ ಸಲ ಮೂಲೆಯ ಅಂಗಡಿಯಲ್ಲಿ ನಿಲ್ಲಲಿಲ್ಲ.

ಸ್ಟುಡಿಯೋದಲ್ಲಿ ತಂಗಿಯೊಬ್ಬಳೇ ಇದ್ದಳು. ಮೇಜಿನ ಮೇಲೆ ಯಾರದೋ ಪಾಸ್‌ಪೋರ್ಟ್ ಫೋಟೋಗಳ ಹಾಳೆ ಇಟ್ಟುಕೊಂಡು ಕಟ್ಟರಿನಲ್ಲಿ ಒಂದೊಂದೇ ಮುಖ ಕತ್ತರಿಸುತ್ತಿದ್ದಳು. ಮಹಡಿಯ ಮೇಲೆ ಮಗಳ ಕ್ಲಾಸು ನಡೆದಿತ್ತು. ಹತ್ತು ಹನ್ನೆರಡು ಹೆಂಗಸರ ಕಾಲು ಒಟ್ಟಿಗೆ ಬೀಳುತ್ತಿತ್ತು, ಅದರ ಜೊತೆ ಅದೇ ಹಾಡು.

"ಏನೇ, ಇವತ್ತು ಬುಧವಾರ ಅಲ್ವಲ್ಲ?" ಎಂದಳು ತಂಗಿ.

ಹಲೋ ಅಕ್ಕ ನಿಂತೇ ಹೇಳಿದಳು. ಕೂತರೆ ಹೇಳಲಾರೆ ಎಂದು ಗೊತ್ತಿತ್ತು. ಆ ಮಧ್ಯಾಹ್ನ ಅಪ್ಪ ಫೋನ್ ಇಡಲಿಲ್ಲ. ಲೈನು ನನ್ನ ಕೈಯಲ್ಲಿತ್ತು. ಮೂರು ಸಲ ಕೇಳಬೇಕಿತ್ತು, ಕೇಳಲಿಲ್ಲ. ಸಿಕ್ಕಿಬೀಳ್ತೀನಿ ಅಂತ ಹೆದರಿ ಎಳೆದುಬಿಟ್ಟೆ. "ನೀನು ಹೇಳದೆ ಹೋದೆ ಅಂತ ನಿನ್ನ ಮೇಲೆ ಸಿಟ್ಟೂ ಇತ್ತು. ಕೈ ಆ ಸಿಟ್ಟಿಗೆ ಎಳೀತೋ, ಹೆದರಿಕೆಗೆ ಎಳೀತೋ, ಇವತ್ತಿಗೂ ಗೊತ್ತಿಲ್ಲ ಕಣೆ. ಅಪ್ಪ ನೀನೇ ಇಟ್ಟೆ ಅಂದ್ಕೊಂಡ್ರು. ನೀನು ಅಪ್ಪ ಇಟ್ರು ಅಂದ್ಕೊಂಡೆ. ನಾನು ಇಬ್ಬರಿಗೂ ಹೇಳಲಿಲ್ಲ. ಮೇಲೆ ಹಾಕಿದಾಳಲ್ಲ ನಿನ್ನ ಮಗಳು, ಆ ಹಾಡು ನಂದೇ."

ಕಟ್ಟರು ನಿಂತಿತು. ತಂಗಿ ಮೇಲಕ್ಕೆ ನೋಡಿದಳು. *ಬಿಟ್ಟೋರು ಅವರಲ್ಲ, ಬಿಟ್ಟೋಳು ಅವಳಲ್ಲ* ಎಂದು ಸೂರು ಕುಣಿಯುತ್ತಿತ್ತು.

"ಮೂವತ್ತಾರು ವರ್ಷ," ಎಂದಳು. "ಮೂವತ್ತಾರು ವರ್ಷ ಅವರನ್ನ ಬೈದಿದೀನಿ ನಾನು. ನಿನ್ನ ಮುಂದೇನೇ ಬೈದಿದೀನಿ. ಬಡಿಸ್ತಾ ನಿಂತಿದ್ದೆ ನೀನು."

"ಹೂಂ."

"ಹೋಗು."

"ಇನ್ನೊಂದು ಮಾತಿದೆ. ಅಪ್ಪ ಆ ಕೊನೇಲಿ..."

"ಹೋಗು ಅಂದ್ನಲ್ಲ."

ಹಲೋ ಅಕ್ಕ ಹೊರಟುಬಂದಳು. ಮನೆಗೆ ಬಂದವಳು ಚಹಾ ಇಡಲಿಲ್ಲ, ಮೇಜು ಒರೆಸಲಿಲ್ಲ. ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತಳು. ಓಡಾಡಬೇಕು ಎಂದು ಕಾಲು ಹಟ ಮಾಡಿತು, ಅವಳು ಏಳಲಿಲ್ಲ. ನೆಲದ ಬಿಸಿಲು ಗೋಡೆಗೇರಿತು, ಗೋಡೆಯಿಂದ ಹೋಯಿತು. ಪಕ್ಕದ ಮನೆಯಲ್ಲಿ ದೀಪ ಹಾಕಿದರು.

ಆಗ ಫೋನು ಬಡಿದುಕೊಂಡಿತು. ಎತ್ತಿದಳು. "ಹಲೋ."

ಆ ಕಡೆಯಿಂದ ಮಾತಿಲ್ಲ. ಬಹಳ ದೂರದಲ್ಲಿ ಒಂದು ಉಸಿರು ಮಾತ್ರ. ಮೂವತ್ತೊಂದು ವರ್ಷದ ಕೈ ತಾನಾಗಿ ಫೋನ್ ಇಡಲು ಹೊರಟಿತು. ಸುಮ್ಮನಿರುವ ಲೈನು ಮುಗಿದ ಲೈನು ಎಂದು ಕಲಿತ ಕೈ ಅದು. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡಳು. ಕೇಳಲೂ ಇಲ್ಲ, ಇಡಲೂ ಇಲ್ಲ. ಐದು ನಿಮಿಷವಾಯಿತೋ, ಹತ್ತಾಯಿತೋ. ಕಿವಿ ಬಿಸಿಯಾಯಿತು.

"ಇದೀಯಾ?" ಎಂದಳು ತಂಗಿ.

"ಇದೀನಿ."

ತಂಗಿಯ ದನಿ ಬಂತು, ಅರವತ್ತರ ಹತ್ತಿರ ಬಂದ ಹೆಂಗಸಿನ ದನಿಯಾಗಿರಲಿಲ್ಲ ಅದು. "ಅಪ್ಪ ಕೊನೇಲಿ ಏನೋ ಅಂದ್ರು ಅಂದ್ಯಲ್ಲ. ಏನಂದ್ರು?"

"ಮೆಣಸಿನಕಾಯಿ, ಅಂದ್ರು."

ಆ ಕಡೆ ಏನೋ ಕೆಳಗೆ ಬಿದ್ದ ಸದ್ದು. ಅಳು ಶುರುವಾದದ್ದು ಅವಳಿಗೆ ಕೇಳಿಸಿತು. ಅದು ನಿಲ್ಲುವವರೆಗೂ ಹಲೋ ಅಕ್ಕ ರಿಸೀವರನ್ನು ಕಿವಿಗೆ ಒತ್ತಿಕೊಂಡು ಕೂತೇ ಇದ್ದಳು.

"ಹೆಂಗಂದ್ರು?" ಎಂದಳು ತಂಗಿ ಮೂಗೊರೆಸಿಕೊಂಡು. "ಸಿಟ್ಟಲ್ಲೋ, ಇಲ್ಲ ಆ ಇನ್ನೊಂದು ಥರಾನೋ? ಅವರಂದ ಹಾಗೇ ಹೇಳೇ. ನಾನು ಫೋನ್ ಇಡಲ್ಲ."

ಹಲೋ ಅಕ್ಕ ಗಂಟಲು ಸರಿ ಮಾಡಿಕೊಂಡಳು. ಅಪ್ಪ ಗೋಂದಿನ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ಕರೆಯುತ್ತಿದ್ದ ಹಾಗೆ, ಕೊನೆಯನ್ನು ಸ್ವಲ್ಪ ಎಳೆದು, ಆ ಹೆಸರನ್ನು ಕರೆದಳು.